ನಾಲಿಗೆಯಿಲ್ಲದ ಗಂಟೆ

ಈ ಊರಿನ ಗಂಟೆಗೆ ನಾಲಿಗೆಯಿಲ್ಲ. ಸಂತೆಕಟ್ಟೆಯ ಪಕ್ಕದ ಗೋಪುರದಲ್ಲಿ ಪಾರಿವಾಳಗಳ ನಡುವೆ ಅದು ತೂಗಿಕೊಂಡಿದೆ. ಒಳಗಿನ ಕಬ್ಬಿಣದ ನಾಲಿಗೆ ಯಾವ ಕಾಲದಲ್ಲೋ ಕಳಚಿ ಬಿದ್ದಿತಂತೆ. ಈಗ ಅದು ನನ್ನ ಮನೆಯೊಡತಿ ಸಾತವ್ವನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಕೆಲಸಕ್ಕಿದೆ. ಆದರೂ ಗಂಟೆ ಹೊಡೆಯುತ್ತದೆ. ಊರಿನವರೊಬ್ಬರು ಇನ್ನೊಬ್ಬರನ್ನು, ಯಾರೂ ಕೇಳಿಕೊಳ್ಳದೆ, ಮನಸ್ಸಿನಿಂದ, ಮೊದಲ ಸಲ ಕೂಡಿಗ ಎಂದೋ ಕೂಡಿಗಿತ್ತಿ ಎಂದೋ ಕರೆದರೆ ಅದು ಒಂದು ಸಲ ಹೊಡೆಯುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ.

ಕೂಡಿಗ ಎಂದರೆ ಇಲ್ಲಿಯವನು, ಕೂಡಿಗಿತ್ತಿ ಎಂದರೆ ಇಲ್ಲಿಯವಳು, ಎಲ್ಲರೂ ಸೇರಿದರೆ ಕೂಡಿಗರು. ಅವರಾಡುವ ಮಾತು ಕೂಡುನುಡಿ. ಅವರೆಲ್ಲರಲ್ಲೂ ಇರುವ, ಆದರೆ ಇಂಥದ್ದು ಎಂದು ಬೆರಳಿಟ್ಟು ತೋರಿಸಲಾಗದ ಅದೇನೋ ಒಂದು ಕೂಡಿಗತನ. ಇಷ್ಟು ಹೇಳಿದರೆ ಅರ್ಥ ಹೇಳಿದಂತಾಗಲಿಲ್ಲ ಎಂಬುದು ನನಗೆ ಗೊತ್ತು. ಇಲ್ಲಿಯೇ ಮನೆ ಕಟ್ಟಿಸಿ ತಲೆ ನರೆತವರಿಗೂ ಗಂಟೆ ಹೊಡೆಯದಿರಬಹುದು. ಹೊಳೆಯ ಆ ದಂಡೆಯವರು ಇವರನ್ನೆಲ್ಲ ಒಟ್ಟಾಗಿ ‘ಆಚೆಯವರು’ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಬಸ್ಸಿನ ಫಲಕದ ಮೇಲೂ ‘ಆಚೆ’ ಎಂದಷ್ಟೇ ಇದೆ.

ಜನ ಗಂಟೆಗೆ ಒಗ್ಗಿಹೋಗಿದ್ದಾರೆ. ಅದು ಹೊಡೆದ ಕ್ಷಣ ಕ್ಷೌರದ ಅಂಗಡಿಯಲ್ಲಿ ಕತ್ತಿ ಗಲ್ಲ ಬಿಟ್ಟು ಒಂದು ಅಂಗುಲ ಮೇಲೇಳುತ್ತದೆ. ಜಗಳವಾಡುತ್ತಿರುವವರು ‘ತಡಿ, ಯಾರಿಗದು?’ ಎಂದು ಕಿವಿಗೊಟ್ಟು, ಆಮೇಲೆ ‘ಎಲ್ಲಿಗೆ ಬಂದಿದ್ವಿ?’ ಎಂದು ಪರಸ್ಪರ ಕೇಳಿಕೊಂಡು ಮುಂದುವರಿಸುತ್ತಾರೆ. ಇಲ್ಲಿ ಹುಟ್ಟಿದವರಲ್ಲಿ ಹೆಚ್ಚಿನವರಿಗೆ ತೊಟ್ಟಿಲಲ್ಲಿರುವಾಗಲೇ ಹೊಡೆದುಬಿಡುತ್ತದೆ. ಹಾಲು ಬೇಡವೆಂದು ಹಟ ಹಿಡಿದ ಕೂಸಿಗೆ ಅಜ್ಜಿ ‘ಇದೆಂಥ ಕೂಡಿಗನೋ ನೀನು’ ಎಂದರೆ ಸಾಕು. ಹೊರಗಿನಿಂದ ಬಂದವರಿಗೆ ಮಾತ್ರ ತಡ. ಮೇಲಿನ ಬೀದಿಯ ಮನೆಅಳಿಯನೊಬ್ಬ ಹನ್ನೊಂದು ವರ್ಷ ಕಾದ. ಒಂದು ಮಧ್ಯಾಹ್ನ ಉಪ್ಪಿನಕಾಯಿ ಭರಣಿ ಕೈಜಾರಿ ಬಿತ್ತು. ಅತ್ತೆ ‘ಅಯ್ಯೋ ಕೈಯಿಲ್ಲದ ಕೂಡಿಗನೇ!’ ಎಂದು ಹಣೆ ಚಚ್ಚಿಕೊಂಡರು. ಗಂಟೆ ಹೊಡೆಯಿತು. ಅಳಿಯ ಆ ಎಣ್ಣೆಯಲ್ಲೇ ಕುಣಿದು ಸೊಂಟ ಉಳುಕಿಸಿಕೊಂಡ. ಪುರಸಭೆ ಚುನಾವಣೆಗೆ ನಿಂತ ಇನ್ನೊಬ್ಬ ಮೂವರನ್ನು ಗೊತ್ತುಮಾಡಿ ಗೋಪುರದ ಕೆಳಗೆ ತನ್ನನ್ನು ಕೂಡಿಗ ಎಂದು ಕೂಗಿಸಿದ. ಪಾರಿವಾಳ ಹಾರಿದವೇ ಹೊರತು ಗಂಟೆ ಮಿಸುಕಲಿಲ್ಲ.

ಕರೆಯುವ ಬಾಯಿಯೂ ಕೂಡಿಗರದ್ದೇ ಆಗಿರಬೇಕು. ಶಾಲೆಯ ತನಿಖೆಗೆ ಬಂದ ಅಧಿಕಾರಿಯೊಬ್ಬರು ಹೊಸ ಮೇಷ್ಟ್ರ ಬೆನ್ನು ತಟ್ಟಿ ‘ಭೇಷ್ ಕೂಡಿಗ!’ ಎಂದಾಗ ಏನೂ ಆಗಲಿಲ್ಲ. ಅವರ ಹಿಂದೆ ನಿಂತಿದ್ದ ಜವಾನ ‘ಹೌದ್ರಿ, ಕೂಡಿಗನೇ’ ಎಂದು ಗೊಣಗಿದ್ದೇ ತಡ, ಢಣ್ ಎಂದಿತು. ಅಧಿಕಾರಿ ಪಾಪ, ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದರು. ಇನ್ನೊಂದು ವಿಷಯ. ಬೆನ್ನ ಹಿಂದೆ ಎಷ್ಟೇ ಆಡಿಕೊಂಡರೂ, ಹೊಡೆದದ್ದು ಯಾರಿಗೋ ಅವರ ಮುಂದೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ‘ನನ್ನದು ಹೊಡೆಯಿತೇ’ ಎಂದು ಕೇಳುವುದು ಎಷ್ಟು ನಾಚಿಕೆಗೇಡೋ, ‘ನಿನ್ನದು ಹೊಡೆದದ್ದು ನನ್ನ ಬಾಯಿಂದ’ ಎಂದು ಹೇಳುವುದೂ ಅಷ್ಟೇ. ಉಂಡವರ ಮುಂದೆ ಕೂತು ತುತ್ತು ಎಣಿಸಿದಂತೆ.

ನನ್ನ ಹೆಸರು ಮಂದಾಕಿನಿ. ಹದಿನೆಂಟು ವರ್ಷದ ಹಿಂದೆ ಇಲ್ಲಿಯ ವಾಚನಾಲಯದ ಕೆಲಸಕ್ಕೆ ಬಂದೆ. ಬರುವಾಗ ಕೈಯಲ್ಲೊಂದು ಎಂ.ಎ. ಇತ್ತು, ಎದೆಯಲ್ಲಿ ಒಂದು ಅಳುಕಿತ್ತು. ಅಳುಕು ಹೊಸದಲ್ಲ. ಅಂಗಡಿಯಲ್ಲಿ ಮೊಸರು ಕೇಳುವ ಮುಂಚೆಯೂ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡುವವಳು ನಾನು. ಯಾರು ಎಲ್ಲಿ ಚಪ್ಪಲಿ ಬಿಡುತ್ತಾರೆ, ಯಾರು ಯಾರಿಗೆ ಮೊದಲು ನೀರು ಕೊಡುತ್ತಾರೆ ಎಂದು ನೋಡಿಕೊಂಡು ಆಮೇಲೆ ಹೆಜ್ಜೆ ಇಡುವವಳು. ಯಾರೊಂದಿಗೂ ಒಂದು ಮಾತು ಹೆಚ್ಚು ಆಡಿದವಳಲ್ಲ. ಊರು ನನ್ನನ್ನು ‘ಪುಸ್ತಕದಮ್ಮೋರು’ ಎಂದು ಕರೆಯಿತು. ನಾನು ಬಂದರೆ ಬೀಡಿ ಆರಿಸುತ್ತಿದ್ದರು, ಪಂಚೆ ಇಳಿಬಿಡುತ್ತಿದ್ದರು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಬೈಯದವರನ್ನು ಕೂಡಿಗಿತ್ತಿ ಎನ್ನುವ ಸಂದರ್ಭವಾದರೂ ಎಲ್ಲಿ ಬರಬೇಕು?

ನನ್ನ ಎಚ್ಚರಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ನನ್ನ ಹೊಸ್ತಿಲ ಮೇಲೆ ಮುತ್ತುಗದ ಎಲೆಯಲ್ಲಿ ಸುತ್ತಿದ ಬೆಲ್ಲದ ಉಂಡೆಯೊಂದು ಸಿಕ್ಕಿತು. ಯಾರದೋ ವಸ್ತು ನನ್ನ ಬಳಿ ಉಳಿಯಬಾರದೆಂದು ವಾಚನಾಲಯದ ಫಲಕಕ್ಕೆ ನೋಟೀಸು ಹಚ್ಚಿದೆ: ‘ಬೆಲ್ಲದ ಉಂಡೆ ಸಿಕ್ಕಿದೆ. ಕಳೆದುಕೊಂಡವರು ಗುರುತು ಹೇಳಿ ಪಡೆಯತಕ್ಕದ್ದು.’ ನಾಲ್ಕು ದಿನ ಜನ ಬಂದು ಓದಿ, ನನ್ನ ಮುಖ ನೋಡಿ ಹೋದರೇ ಹೊರತು ಯಾರೂ ಕೇಳಲಿಲ್ಲ. ಐದನೆಯ ದಿನ ಇರುವೆಗೆ ಹೆದರಿ ಸಾತವ್ವನ ಕೈಗೆ ಒಪ್ಪಿಸಿದೆ. ಆಕೆ ಅದನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, ‘ಆಗಲಿ ತಾಯಿ, ನಿಮ್ಮಿಷ್ಟ’ ಎಂದು ಒಳಗೆ ಹೋದಳು.

ಎರಡನೆಯ ವರ್ಷ ಪುರಸಭೆಯವರು ಊರಿನ ಮಾತುಗಳದೊಂದು ಪದಕೋಶ ಮಾಡಿಕೊಡಿ ಎಂದರು. ಕುಂಬಾರರ ಪದ, ಅಂಬಿಗರ ಪದ, ಬೈಗುಳ, ಲಾಲಿ, ಎಲ್ಲ ಕೂಡಿಹಾಕಿದೆ. ಪಕ್ಕದಲ್ಲೇ ಇನ್ನೊಂದು ನೋಟ್‌ಬುಕ್ಕು. ಅದು ಬಂದ ದಿನದಿಂದ ಇಟ್ಟದ್ದು, ಯಾರಿಗೂ ತೋರಿಸದ್ದು. ಗಂಟೆ ಹೊಡೆದಾಗಲೆಲ್ಲ ಅದರಲ್ಲಿ ತಾರೀಖು, ಹೊತ್ತು, ಯಾರಿಗೆ ಎಂದು ಬರೆದಿಡುತ್ತಿದ್ದೆ. ಕೂಸುಗಳು, ಸೊಸೆಯರು, ಅಂಚೆಯವನು, ಆ ಮೇಷ್ಟ್ರು. ಒಂದೇ ಒಂದು ಸಾಲಿನ ಮುಂದೆ ‘ಯಾರಿಗೆಂದು ತಿಳಿಯಲಿಲ್ಲ’ ಎಂದಿದೆ. ಅದೊಂದು ಶನಿವಾರ, ಗಿರಣಿಯಿಂದ ಹಿಟ್ಟಿನ ಡಬ್ಬ ಹೊತ್ತುಕೊಂಡು ಅರ್ಧ ದಾರಿ ಬಂದಾಗ ಹೊಡೆದದ್ದು. ನನ್ನ ಹೆಸರು ಮಾತ್ರ ಆ ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ.

ಪದಕೋಶದ ಪುಟಗಳೆಲ್ಲ ಅಚ್ಚಾದವು, ಒಂದು ಪುಟ ಬಿಟ್ಟು. ಕೂಡಿಗ, ಕೂಡಿಗಿತ್ತಿ, ಕೂಡಿಗತನ ಬರಬೇಕಾದ ಪುಟ. ಗಂಟೆ ಒಪ್ಪದವಳು ಆ ಪದಕ್ಕೆ ಅರ್ಥ ಬರೆಯುವುದು ಹೇಗೆ? ಅಚ್ಚುಕೂಟದವರು ಕಾದು ಸಾಕಾಗಿ ಗಡುವು ಕೊಟ್ಟಿದ್ದರು: ಈ ತಿಂಗಳ ಕೊನೆಯ ಸೋಮವಾರ. ಅಷ್ಟರೊಳಗೆ ಹೊಡೆಯದಿದ್ದರೆ ಪುಟವನ್ನು ಗಿರಣಿಯ ಹಾಲಪ್ಪನ ಕೈಗೆ ಕೊಟ್ಟು, ಅರ್ಥ ನೀವೇ ಬರೆಯಿರಿ ಎಂದುಬಿಡುವುದೆಂದು ನಿಶ್ಚಯಿಸಿದ್ದೆ. ನಾನಾಗಿ ಯಾರನ್ನೂ ಆ ಪದದಿಂದ ಕರೆದವಳೂ ಅಲ್ಲ. ಕರೆದು, ಗಂಟೆ ಸುಮ್ಮನಿದ್ದುಬಿಟ್ಟರೆ? ಊರಿನೆದುರು ಸಾಬೀತಾದಂತೆಯೇ.

ಹೀಗಿರುವಾಗ ಎಲೆರಿ ಬಂದಳು. ಕರೆಸಿದವಳು ನಾನೇ. ಬೇರೆ ನಾಡುಗಳಲ್ಲಿ ಇಂಥ ಪದಗಳನ್ನು ಜನ ಹೇಗೆ ಬಾಳಿಸುತ್ತಾರೆ ಎಂದು ಕೇಳಿ ಅಲ್ಲಿ ಇಲ್ಲಿ ಕಾಗದ ಬರೆದಿದ್ದೆ. ವೇಲ್ಸ್ ಎಂಬ ದೇಶದಿಂದ ಉತ್ತರ ಬರೆದವಳು ಅವಳೊಬ್ಬಳೇ. ತನ್ನ ನುಡಿಯನ್ನು ದೊಡ್ಡವರಿಗೆ ಸಂಜೆ ಪಾಠ ಹೇಳುವವಳು, ಐವತ್ತರ ಆಸುಪಾಸು, ಎತ್ತರದ ಆಳು. ನಾನು ಕಳಿಸಿದ ಪದಕೋಶದ ಕರಡುಗಳಲ್ಲಿ ಅರ್ಥ ಹೇಳುವ ನನ್ನ ಗ್ರಾಂಥಿಕ ವಾಕ್ಯಗಳಿಂದಲೇ ನಮ್ಮ ಮಾತು ಕಲಿತಿದ್ದಳು. ಬಸ್ಸಿಳಿದವಳೇ ಕ್ಷೌರದ ಅಂಗಡಿಯವನಿಗೆ ಕೈಮುಗಿದು, “ಮಹಾಶಯರೇ, ತಮ್ಮ ಭೋಜನ ಸಂಪನ್ನವಾಯಿತೇ?” ಎಂದಳು. ಅವನು ಗಾಬರಿಯಿಂದ ಕುರ್ಚಿ ಒರೆಸಿ ಕೂರಿಸಿದ.

ಸಾತವ್ವನಿಗೆ ಅವಳು ಕಂಡ ಕ್ಷಣದಿಂದ ಹಿಡಿಸಿದಳು. “ಎಲೆರಿ ಅಂದ್ರೆ ನಾಲಿಗೆ ಹೊರಳಲ್ಲ ತಾಯಿ. ಎಲ್ಲವ್ವ ಅಂತೀನಿ, ಓ ಅನ್ನು.”

“ಓ,” ಎಂದಳು ಎಲೆರಿ ನಗುತ್ತ.

“ಭೋಜನ ಗೀಜನ ಬ್ಯಾಡ. ಉಂಡ್ಯಾ ಅನ್ನು.”

“ಉಂಡ್ಯಾ?”

“ಇಲ್ಲ, ನೀನು ಬರ್ಲಿ ಅಂತ ಕಾಯ್ತಿದ್ದೆ. ಬಾ.”

ನನಗೆ ಹದಿನೆಂಟು ವರ್ಷದಲ್ಲಿ ಸಿಗದ ‘ಬಾ’ ಅವಳಿಗೆ ಹದಿನೆಂಟು ನಿಮಿಷದಲ್ಲಿ ಸಿಕ್ಕಿತು. ನನಗೆ ಈಗಲೂ ‘ಬರ್ರಿ ಅಮ್ಮೋರೇ’. ಎಲೆರಿ ದಿನಕ್ಕೆ ಹತ್ತು ತಪ್ಪು ಮಾಡುತ್ತಿದ್ದಳು. ಕೊಡ ತಲೆಕೆಳಗು ಹಿಡಿದು ನೀರಿಗೆ ಹೋದಳು. ರೊಟ್ಟಿ ತಟ್ಟಲು ಕೂತು ಭೂಪಟ ಮಾಡಿದಳು. ಪ್ರತಿ ತಪ್ಪಿಗೂ ಸಾತವ್ವ ಬೈಯುತ್ತಿದ್ದಳು, ಪ್ರತಿ ಬೈಗುಳಕ್ಕೂ ನಾನು ಗೋಪುರದ ಕಡೆ ಕಿವಿಯಿಡುತ್ತಿದ್ದೆ. ಈಗ ಅಂದುಬಿಡುತ್ತಾಳೆ, ಈಗ ಹೊಡೆದುಬಿಡುತ್ತದೆ. ಅತಿಥಿಗೆ ಕಾಫಿ ಸೋಸುತ್ತ ಮನಸ್ಸಿನಲ್ಲಿ ಇಂಥ ಲೆಕ್ಕ ಹಾಕುವುದು ಎಷ್ಟು ಕೆಟ್ಟದ್ದು ಎಂದು ನನಗೂ ತಿಳಿದಿತ್ತು. ತಿಳಿದೇ ಹಾಕುತ್ತಿದ್ದೆ.

ಒಂದು ಸಂಜೆ ನಾನಿರುವ ಮಹಡಿಯ ಕೆಳಗೆ, ಸಾತವ್ವನ ಜಗಲಿಯಲ್ಲಿ ಮೂವರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಎಲೆರಿ ತನ್ನ ದೇಶದ ಮಾತು ತೆಗೆದಳು. “ನಮಗೆ ಎರಡು ಹೆಸರು. ವೇಲ್ಸ್ ಎನ್ನುವುದು ನೆರೆಯವರು ಇಟ್ಟದ್ದು. ಅದರ ಬೇರಿನಲ್ಲಿ ಪರಕೀಯರು ಎಂಬ ಅರ್ಥವಿದೆ. ನಮ್ಮ ನುಡಿಯಲ್ಲಿ ನಾವು ಕಮ್ರಿ. ಅದರ ಬೇರಿನಲ್ಲಿ ಒಂದೇ ನೆಲದ ಒಡನಾಡಿಗಳು ಎಂದಿದೆ.”

“ನಿಮ್ಮ ನೆಲದಾಗೆ ನಿಮ್ಮನ್ನೇ ಹೊರಗಿನವರು ಅಂದ್ರಾ?” ಸಾತವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. “ನಮ್ಮನ್ನೂ ಆಚೆಯವರು ಅಂತಾರೆ ಬಿಡು. ಆಚೆ ಇರೋರು ಅವರು! ಬೇಕಾದ್ರೆ ಹೊಳೆ ದಂಡೆಗೆ ನಿಂತು ನೋಡು, ಯಾರು ಆಚೆ ಕಾಣ್ತಾರೆ ಅಂತ.”

ಎಲೆರಿ ನಕ್ಕು ನಕ್ಕು ಅವರೆಕಾಳು ಚೆಲ್ಲಿದಳು. ಆಮೇಲೆ ಒಂದೊಂದಾಗಿ ಹೇಳಿದಳು: ಗಂಡಸು ಕಮ್ರೊ, ಹೆಂಗಸು ಕಮ್ರೈಸ್, ನುಡಿ ಕಮ್ರೈಗ್, ಅವರಲ್ಲಿರುವ ಆ ಅದೇನೋ ಒಂದಕ್ಕೆ ಕಮ್ರೇಯ್ಕ್ತೊಡ್.

“ಕೂಡಿಗತನ,” ಎಂದೆ ನಾನು. ಪೆನ್ಸಿಲು ತಾನಾಗಿ ಕೈಗೆ ಬಂದಿತ್ತು.

“ಅದೇ. ಅದನ್ನು ನಾವು ಹಾಡುತ್ತೇವೆ, ಆಟದ ಮೈದಾನದಲ್ಲಿ ಕೂಗುತ್ತೇವೆ, ಅಂಗಿಯ ಮೇಲೆ ಅಚ್ಚು ಹಾಕಿ ಮಾರುತ್ತೇವೆ. ಆದರೆ ಒಂದು ತೊಡಕು. ನನ್ನ ಅಜ್ಜಿಗೆ ಆ ನುಡಿ ಬರುತ್ತಿತ್ತು, ಅಮ್ಮನಿಗೆ ಬರಲಿಲ್ಲ, ನನಗೂ ಬರಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಹೋಗಿ ಕಲಿತೆ. ಹುಟ್ಟಿದ್ದು ಅಲ್ಲಿಯೇ, ಬೆಳೆದದ್ದು ಅಲ್ಲಿಯೇ. ಆದರೂ ನಾನು ಕಮ್ರೈಸ್ ಎನ್ನಲು ಬಾಯಿ ಬರುತ್ತಿರಲಿಲ್ಲ. ವೇಲ್ಸ್‌ನವಳು ಎನ್ನುತ್ತಿದ್ದೆ, ಪರಭಾಷೆಯಲ್ಲಿ. ನುಡಿ ಇದ್ದವರು ನಿಜವಾದವರು, ನಾನು ಅರ್ಧದವಳು ಎಂದು ನನಗೆ ನಾನೇ ತೀರ್ಮಾನಿಸಿಬಿಟ್ಟಿದ್ದೆ.”

ಅವಳು ಒಳಗೆ ಹೋಗಿ ತನ್ನ ಚಹಾದ ಬಟ್ಟಲು ತಂದಳು. ದಪ್ಪ ಬಿಳಿ ಪಿಂಗಾಣಿ, ಮೇಲೆ ಕೆಂಪಕ್ಷರದಲ್ಲಿ ಕಮ್ರೈಸ್ ಎಂದಿತ್ತು. “ತರಗತಿಗೆ ಸೇರಿದ ವರ್ಷ ಆಸೆಪಟ್ಟು ಕೊಂಡೆ. ಆರು ವರ್ಷ ಕಪಾಟಿನ ಹಿಂದೆ ಇಟ್ಟೆ. ಇದರಲ್ಲಿ ಕುಡಿದರೆ ಕದ್ದಂತೆ ಅನಿಸುತ್ತಿತ್ತು. ಒಂದು ದಿನ ಬ್ರೆಡ್ಡಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಅಂಗಡಿಯ ಹೆಂಗಸು ಯಾವನೋ ಪ್ರವಾಸಿಗೆ ನನ್ನನ್ನು ತೋರಿಸಿ, ದಾರಿ ಅವಳನ್ನು ಕೇಳಿ, ಅವಳು ಕಮ್ರೈಸ್, ಎಂದಳು. ಬ್ರೆಡ್ಡು ಕೊಳ್ಳುವುದನ್ನೇ ಮರೆತು ಮನೆಗೆ ಓಡಿ ಇದರಲ್ಲಿ ಚಹಾ ಕುಡಿದೆ. ಅಲ್ಲಿ ಗಂಟೆ ಇಲ್ಲ. ಇದ್ದಿದ್ದರೆ ಅವತ್ತು ಹೊಡೆಯುತ್ತಿತ್ತು.”

“ಮುಖಕ್ಕೆ ಅನ್ನದೆ ಇನ್ನೊಬ್ಬರ ಹತ್ರ ಅಂದ್ಲು ನೋಡು. ಅದೇ ಗಟ್ಟಿ,” ಎಂದಳು ಸಾತವ್ವ, ಮತ್ತೆ ಕಾಯಿ ಎತ್ತಿಕೊಳ್ಳುತ್ತ. ಅವಳು ನನ್ನ ಕಡೆ ಒಮ್ಮೆ ನೋಡಿದಂತಾಯಿತು. ನಾನು ತಲೆ ತಗ್ಗಿಸಿ ಪದ ಬರೆದುಕೊಂಡೆ. ಆರು ವರ್ಷ ಎನ್ನುವುದು ಎಷ್ಟು ಕಡಿಮೆ ಎಂದು ಯೋಚಿಸುತ್ತಿದ್ದೆ.

ತಿಂಗಳ ಕೊನೆಯ ಶನಿವಾರ ಬಂತು. ಎಲೆರಿ ಹೊರಡುವುದು ಸೋಮವಾರ, ನನ್ನ ಗಡುವೂ ಸೋಮವಾರವೇ. ಬೆಳಿಗ್ಗೆ ಖಾಲಿ ಪುಟವನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ಗಿರಣಿಯಲ್ಲೇ ಹಾಲಪ್ಪನಿಗೆ ಕೊಟ್ಟುಬಿಡೋಣವೆಂದು ಹೊರಟೆ. ಎಲೆರಿಯೂ ಸಾತವ್ವನೂ ಜೊತೆಗೆ ಬಂದರು.

ಗಿರಣಿಗೆ ಶನಿವಾರದ ಒಂದು ಕ್ರಮವಿದೆ. ಹಾಲಪ್ಪ ಅದನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನೆನಪು, ಆದರೆ ಹಲಗೆಯ ಮೇಲೆ ಹಿಟ್ಟು ಕೂತು ಎಷ್ಟೋ ವರ್ಷವಾಯಿತು. ಮೊದಲು ಗೋಧಿ, ಆಮೇಲೆ ಜೋಳ, ರಾಗಿ. ಹನ್ನೊಂದು ಗಂಟೆ ಕಳೆದ ಮೇಲೆ ಮೆಣಸಿನಕಾಯಿ, ಕಟ್ಟಕಡೆಗೆ. ಅದು ಮುಗಿದ ಮೇಲೆ ಕಲ್ಲು ತೊಳೆದು ಬಾಗಿಲು ಹಾಕುವುದು. ಹಿಟ್ಟು ಬೀಳುವ ಜಾಗದ ಪಕ್ಕದಲ್ಲಿ ಒಂದು ಮರಿಗೆ, ಅಂದರೆ ಮರದ ಅಗಲ ಬಟ್ಟಲು, ಇರುತ್ತದೆ. ಬೀಸಿಸಿಕೊಂಡವರು ಹೋಗುವಾಗ ಅದರಲ್ಲಿ ಒಂದು ಹಿಡಿ ಬಿಟ್ಟು ಹೋಗುತ್ತಾರೆ. ಬೇಕಾದವರು ಒಯ್ಯುತ್ತಾರೆ, ಗುಬ್ಬಿ ತಿನ್ನುತ್ತದೆ. ಇದನ್ನು ಯಾವ ಹಲಗೆಯ ಮೇಲೂ ಯಾರೂ ಬರೆದಿಲ್ಲ. ನೋಡಿ ಕಲಿಯಬೇಕು.

ಹತ್ತೂವರೆಗೆ ಹನ್ನೆರಡು ಡಬ್ಬಗಳು ಸಾಲಾಗಿ ಕೂತಿದ್ದವು. ಸಾತವ್ವ ತನ್ನ ಗೋಧಿಯ ಡಬ್ಬವನ್ನು ಮುಂದಿಟ್ಟು, ಮೆಣಸಿನಕಾಯಿಯ ಬುಟ್ಟಿಗೆ ಬಟ್ಟೆ ಮುಚ್ಚಿ ಪಕ್ಕದಲ್ಲಿಟ್ಟು, ಕಾಲು ನೋವೆಂದು ಗೋಡೆಗೆ ಒರಗಿ ಕೂತಳು. ಹಾಲಪ್ಪ ಹಿಂದುಗಡೆ ಬೆಲ್ಟು ಬಿಗಿ ಮಾಡುತ್ತ, “ಹಾಕ್ರಿ ಮುಂದಿನದು!” ಎಂದು ಕೂಗಿದ. ನಾನು ಸೆರಗಿನ ಪುಟ ತಡವುತ್ತ, ಹಾಲಪ್ಪನಿಗೆ ಯಾವ ವಾಕ್ಯದಿಂದ ಶುರುಮಾಡಲಿ ಎಂದು ಮನಸ್ಸಿನಲ್ಲಿ ಆಡಿ ನೋಡುತ್ತಿದ್ದೆ. ಮುದುಕಿಗೆ ಯಾಕೆ ತೊಂದರೆ ಎಂದುಕೊಂಡ ಎಲೆರಿ ಎದ್ದಳು. ಡಬ್ಬದ ಬದಲು ಬುಟ್ಟಿ ಎತ್ತಿದಳು. ಬಟ್ಟೆ ಸರಿಸಿ, ಎರಡು ಸೇರು ಒಣಮೆಣಸಿನಕಾಯಿಯನ್ನು ಗಿರಣಿಯ ಬಾಯಿಗೆ ಸುರಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಂಪು ಮೋಡವೊಂದು ಗಿರಣಿಯಿಂದ ಎದ್ದು ಮಾಡಿಗೆ ತಾಗಿ ನಮ್ಮೆಲ್ಲರ ಮೇಲೆ ಇಳಿಯಿತು. ಹನ್ನೆರಡು ಮನೆಯವರೂ ಒಟ್ಟಿಗೆ ಸೀನಿದರು. ಹೊರಗೆ ಕಟ್ಟಿದ್ದ ಎಮ್ಮೆ ಕೂಡ ಸೀನಿತು. ಹಾಲಪ್ಪ ಬೆಲ್ಟು ಬಿಟ್ಟು ಓಡಿಬಂದು, ಮೂಗು ಹಿಡಿದುಕೊಂಡು, “ಪರವಾಗಿಲ್ಲ ಬಿಡ್ರಮ್ಮ... ಆಕ್ಷೀ... ದೂರದಿಂದ ಬಂದೋರು... ಆಕ್ಷೀ... ಗೊತ್ತಾಗಲ್ಲ...” ಎಂದ. ಉಳಿದವರೂ ಕಣ್ಣೊರೆಸಿಕೊಳ್ಳುತ್ತ “ಇರಲಿ ಇರಲಿ, ಅತಿಥಿಗಳು” ಎಂದರು. ಕಲ್ಲು ತೊಳೆದರೆ ಆರಲು ದಿನ ಬೇಕು, ಹಾಗಾಗಿ ಹನ್ನೆರಡು ಮನೆಯ ಹಿಟ್ಟು ಇಡೀ ವಾರ ಬೆಂಕಿಯಾಗುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ಬೈಯಲಿಲ್ಲ.

ಆ ‘ಇರಲಿ ಅತಿಥಿಗಳು’ ನನ್ನ ಕಿವಿಗೆ ಬಿದ್ದದ್ದೇ, ಒಳಗೆ ಏನೋ ಕಿತ್ತುಕೊಂಡು ಬಂತು. ಅದು ನನ್ನದೇ ಹದಿನೆಂಟು ವರ್ಷದ ‘ಬರ್ರಿ ಅಮ್ಮೋರೇ’. ಅದನ್ನು ಇವಳೂ ಹೊರಬೇಕೇ? ವಾಕ್ಯವನ್ನು ಮನಸ್ಸಿನಲ್ಲಿ ಆಡಿ ನೋಡಲು ಸಮಯವಿರಲಿಲ್ಲ. ನನ್ನ ಬಾಯಿ ತಾನೇ ತೆರೆಯಿತು.

“ಏ ಎಲ್ಲವ್ವ! ಕಣ್ಣೆಲ್ಲಿ ಇಟ್ಟಿದ್ದೀಯೇ? ಹನ್ನೊಂದರೊಳಗೆ ಮೆಣಸಿನಕಾಯಿ ಸುರಿಯೋ ಕೂಡಿಗಿತ್ತೀನ ನಾನೆಲ್ಲೂ ಕಾಣೆ! ಬೀದಿಗೆಲ್ಲ ಖಾರದ ರೊಟ್ಟಿ ತಿನ್ನಿಸ್ತೀಯಾ?”

ಗಂಟೆ ಹೊಡೆಯಿತು.

ಸೀನುತ್ತಿದ್ದವರು ಅರ್ಧ ಸೀನಿಗೇ ನಿಂತರು. ಹಾಲಪ್ಪ ಕೈಯೆತ್ತಿ ಮಿಷನ್ನು ಆರಿಸಿದ. ಢಣ್ ಎಂದ ಸದ್ದು ಗಿರಣಿಯ ತಗಡಿನಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಎಲೆರಿ ಖಾಲಿ ಬುಟ್ಟಿಯನ್ನು ಎದೆಗವಚಿಕೊಂಡು, “ಇದು... ನನಗಾ?” ಎಂದಳು. ಅವಳ ಮುಖವೆಲ್ಲ ಕೆಂಪು, ಹುಬ್ಬಿನ ಮೇಲೆ ಮೆಣಸಿನ ಪುಡಿ. ಯಾರೋ “ನಿನಗೇ ಕಣವ್ವ” ಎಂದರು. ಎಲ್ಲರೂ ನಕ್ಕು, ನಕ್ಕದ್ದಕ್ಕೆ ಮತ್ತೆ ಸೀನಿದರು.

ನಾನು ಮಾತ್ರ ಸುತ್ತ ನೋಡುತ್ತಿದ್ದೆ. “ಯಾರು ಅಂದಿರಿ? ನಿಮ್ಮಲ್ಲಿ ಯಾರೋ ಅಂದಿರಬೇಕು. ನನ್ನ ಜೊತೆಜೊತೆಗೇ.”

“ಅಂದದ್ದು ನೀವೇ ಅಲ್ವಾ ಅಮ್ಮೋರೇ,” ಎಂದ ಹಾಲಪ್ಪ. “ನಮ್ಮ ಬಾಯಿಗೆ ಸೀನೋಕೇ ಪುರುಸೊತ್ತಿರಲಿಲ್ಲ.”

“ನಾನು ಅಂದರೆ ಹೊಡೆಯುವುದು ಹೇಗೆ?” ಯಾರೂ ಆಡಬಾರದ ಮಾತನ್ನು ಹನ್ನೆರಡು ಮನೆಯವರ ಮುಂದೆ ಆಡಿಬಿಟ್ಟೆ. “ನನ್ನದೇ ಇನ್ನೂ ಹೊಡೆದಿಲ್ಲವಲ್ಲ!”

ಸಾತವ್ವ ಗೋಡೆ ಹಿಡಿದು ಎದ್ದಳು. “ಏನಂದ್ರಿ? ಮತ್ತೊಂದು ಸಲ ಅನ್ರಿ.”

ನಾನು ಒಂದು ಮೂಟೆಯ ಮೇಲೆ ಕುಸಿದು ಕೂತಿದ್ದೆ. ಆಕೆ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು. “ಹೇಳಬಾರದ್ದು ಇದು. ಆದರೆ ಎಲ್ಲರ ಕಣ್ಣಾಗೂ ನೀರು ಐತೆ, ಯಾವುದು ಖಾರಕ್ಕೆ ಯಾವುದು ಬೇರೇದಕ್ಕೆ ಅಂತ ಯಾರಿಗೂ ಗೊತ್ತಾಗಲ್ಲ. ಇವತ್ತೊಂದಿನ ಹೇಳ್ತೀನಿ. ಹಾಲಪ್ಪ, ನೀನೇ ಸಾಕ್ಷಿ.”

“ಹೌದು, ನನ್ನ ಮುಂದೇ ಆಗಿದ್ದು,” ಎಂದ ಹಾಲಪ್ಪ. ಅವನು ಕಣ್ಣರಳಿಸಿ ನನ್ನನ್ನು ನೋಡುತ್ತಿದ್ದ.

“ನೀವು ಬಂದು ಐದು ತಿಂಗಳಾಗಿತ್ತು. ಇಂಥದ್ದೇ ಶನಿವಾರ. ಗೋಧಿ ಬೀಸಿಸ್ಕೊಂಡ್ರಿ. ಸುತ್ತ ಒಂದು ಸಲ ನೋಡಿದ್ರಿ, ಹೆದರಿದ ಹಕ್ಕಿ ನೋಡಿದಂಗೆ. ಆಮೇಲೆ ಮರಿಗೆಗೆ ಒಂದು ಹಿಡಿ ಹಾಕಿ, ಕೈಗೆ ಅಂಟಿದ್ದನ್ನೂ ಅದರಾಗೇ ಉದುರಿಸಿ ಹೋದ್ರಿ. ಅತ್ಲಾಗೆ ಹೋದ ಮೇಲೆ ನಾನಂದೆ, ನೋಡೋ ಹಾಲಪ್ಪ, ಯಾರೂ ಹೇಳಿಕೊಡಲಿಲ್ಲ, ನೋಡಿ ಕಲಿತು ಹಿಡಿಹಿಟ್ಟು ಬಿಟ್ಟು ಹೋದಳು, ಕೂಡಿಗಿತ್ತಿ ಅಂದ್ರೆ ಅವಳು, ಅಂತ. ಅಂದಿದ್ದೇ ತಡ, ಢಣ್!”

ಅರ್ಧ ದಾರಿ. ಹಿಟ್ಟಿನ ಡಬ್ಬ. ‘ಯಾರಿಗೆಂದು ತಿಳಿಯಲಿಲ್ಲ.’ ನನ್ನದೇ ಕೈಬರಹ ಕಣ್ಣ ಮುಂದೆ ಬಂತು.

“ನನಗೆ ಯಾರೂ ಹೇಳಲಿಲ್ಲ,” ಎಂದೆ.

“ಹೇಳೋದೆಲ್ಲೈತೆ? ಮುಖಕ್ಕಲ್ಲದೆ ಹಿಂದಿಂದ ಅಂದ್ರೆ ಮಾರನೇ ದಿನ ಹೊಸ್ತಿಲಿಗೆ ಬೆಲ್ಲ ಇಡ್ತೀವಿ. ಅವರು ತಿಂತಾರೆ. ಅಲ್ಲಿಗೆ ಮುಗೀತು. ನಾನೂ ಇಟ್ಟೆ, ಮುತ್ತುಗದ ಎಲೆಯಾಗೆ ಸುತ್ತಿ. ನೀವೇನ್ ಮಾಡಿದ್ರಿ?” ಸಾತವ್ವನ ದನಿ ಏರಿತು. “ನೋಟೀಸು ಹಚ್ಚಿದ್ರಿ! ಗುರುತು ಹೇಳಿ ಪಡೀರಿ ಅಂತ!”

“ಊರೆಲ್ಲ ಬಂದು ಓದಿದ್ವಿ,” ಎಂದ ಹಾಲಪ್ಪ. “ಓದಿದ ಹೆಣ್ಣುಮಗಳು, ಬೇಡ ಅನ್ನೋದನ್ನೂ ಎಷ್ಟು ಮರ್ಯಾದೆಯಾಗಿ ಬರೆದವ್ರೆ ನೋಡು ಅಂದ್ಕೊಂಡ್ವಿ.”

“ಬೇಡ ಅಂದೋರಿಗೆ ಒತ್ತಾಯ ಮಾಡಬಾರದು ಅಂತ ಇಷ್ಟು ವರ್ಷ ಅಮ್ಮೋರೇ ಅಮ್ಮೋರೇ ಅಂತ ದೂರ ನಿಂತ್ವಿ. ಹೋಗೇ ಬಾರೇ ಅನ್ನೋಕೆ ಬಾಯಿ ತುರಿಸೋದು ನನಗೆ!”

ಯಾವ ಪದಕೋಶದಲ್ಲೂ ಇಲ್ಲದ ಪದ್ಧತಿ ಅದು. ಅದಕ್ಕೊಂದು ಹೆಸರೇ ಇರಲಿಲ್ಲ. ಹೆಸರಿಲ್ಲದ್ದು ನನ್ನ ಕೋಶಕ್ಕೆ ಬರಲಿಲ್ಲ, ಕೋಶಕ್ಕೆ ಬಾರದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಹಿಡಿಹಿಟ್ಟು ಕಂಡವಳಿಗೆ ಬೆಲ್ಲ ಕಾಣಲಿಲ್ಲ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದು. ಎಲೆರಿ ನನ್ನ ಪಕ್ಕ ಕೂತು ಭುಜ ಬಳಸಿದಳು. ಆಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ, ಎಚ್ಚರದವಳ ಪ್ರಶ್ನೆ.

“ಆ ಬೆಲ್ಲ ಏನಾಯಿತು? ತಿನ್ನದಿದ್ದರೆ ಲೆಕ್ಕಕ್ಕೆ ಬರುತ್ತದೆಯೇ?”

“ಹಾಳಾಗೋದು ಬ್ಯಾಡ ಅಂತ ಹೋಳಿಗೆ ಮಾಡಿದೆ.” ಸಾತವ್ವನಿಗೆ ಇದ್ದಕ್ಕಿದ್ದಂತೆ ನೆನಪಾಯಿತು. “ಮೇಲಕ್ಕೆ ನಿಮಗೂ ಎರಡು ಕಳಿಸಿದ್ದೆ.”

“ತಿಂದೆ,” ಎಂದೆ. ನೆನಪಿತ್ತು. “ತುಪ್ಪ ಹಾಕಿಕೊಂಡು ತಿಂದೆ.”

“ತಿಂದವ್ಳೆ!” ಎಂದು ಹಾಲಪ್ಪ ಕಿರುಚಿದ. “ಲೇ, ಅವತ್ತೇ ತಿಂದವ್ಳೆ!” ಗಿರಣಿಯ ಬಾಗಿಲಿನಿಂದ ಬೀದಿಗೆ, ಬೀದಿಯಿಂದ ಸಂತೆಕಟ್ಟೆಗೆ ಆ ಸುದ್ದಿ ನನ್ನ ಕಣ್ಣೆದುರೇ ಓಡಿತು. ಕ್ಷೌರದ ಅಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಬಂದು ನನ್ನನ್ನು ನೋಡಿ ಹೋದ. ಮೇಲಿನ ಬೀದಿಯ ಆ ಅಳಿಯ ಬಂದು, “ನಾನು ಹನ್ನೊಂದು ವರ್ಷ ಕಾದೆ ಅಂತ ಜಂಬ ಪಡ್ತಿದ್ದೆ ಅಕ್ಕ, ನೀವು ನಿಮ್ಮದು ಹೊಡೆದ ಮೇಲೂ ಕಾದ್ರಲ್ಲ!” ಎಂದು ಕೈಮುಗಿದ. ಹನ್ನೆರಡು ಮನೆಯವರೂ ಕೆಂಪು ಹಿಟ್ಟನ್ನು ತುಂಬಿಕೊಂಡರು. ಎಲ್ಲರೂ ಮರಿಗೆಗೆ ಹಿಡಿಹಿಡಿ ಹಾಕಿದರು. ಆ ವಾರ ಗುಬ್ಬಿಗಳು ಏನು ಮಾಡಿದವೋ ನಾನರಿಯೆ.

ಸೆರಗಿನಲ್ಲಿದ್ದ ಪುಟವನ್ನು ಹಾಲಪ್ಪನಿಗೆ ಕೊಡಲಿಲ್ಲ. ಅವತ್ತು ಮಧ್ಯಾಹ್ನ ಎಲೆರಿ ತನ್ನ ಬಟ್ಟಲಿನಲ್ಲಿ ಕಾಫಿ ಹಾಕಿ ನನಗೆ ಕೊಟ್ಟಳು. ಅವಳು ನನ್ನ ಸ್ಟೀಲು ಲೋಟದಲ್ಲಿ ಕುಡಿದಳು. ನಡುನಡುವೆ ಅವಳು “ಢಣ್” ಎನ್ನುವಳು, ನಾನು ನಗುವೆನು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಮುತ್ತುಗದ ಎಲೆಯ ಪೊಟ್ಟಣವಿತ್ತು. ಒಂದು ಇರುವೆ ಆಗಲೇ ಬಂದು ಸುತ್ತ ನೋಡುತ್ತಿತ್ತು, ಒಳಗೆ ಹೋಗಲೋ ಬೇಡವೋ ಎಂಬಂತೆ. ಪೊಟ್ಟಣ ಎತ್ತಿಕೊಂಡು ಮೇಜಿಗೆ ಬಂದೆ. ನೋಟ್‌ಬುಕ್ಕು ತೆಗೆದು, ಹದಿನೆಂಟು ವರ್ಷದ ಹಿಂದಿನ ಆ ಸಾಲನ್ನು ಹುಡುಕಿ, ‘ಯಾರಿಗೆಂದು ತಿಳಿಯಲಿಲ್ಲ’ ಎಂಬುದನ್ನು ಹೊಡೆದುಹಾಕಿ ‘ನನಗೆ’ ಎಂದು ಬರೆದೆ. ಆಮೇಲೆ ಖಾಲಿ ಪುಟವನ್ನು ಬಿಡಿಸಿದೆ. ಕೂಡಿಗಿತ್ತಿ ಎಂದು ಬರೆದು ಅರ್ಥದ ಜಾಗದಲ್ಲಿ ಪೆನ್ನು ನಿಲ್ಲಿಸಿದೆ. ಎಷ್ಟು ವರ್ಷದಿಂದ ಎಷ್ಟು ವಾಕ್ಯಗಳನ್ನು ಇದಕ್ಕಾಗಿ ಮನಸ್ಸಿನಲ್ಲಿ ಆಡಿ ನೋಡಿದ್ದೆ! ಒಂದೂ ಬೇಡವೆನಿಸಿತು. ಅರ್ಥ ಬಿಟ್ಟು ಬಳಕೆಯನ್ನಷ್ಟೇ ಬರೆದೆ: ‘ಹನ್ನೊಂದರೊಳಗೆ ಮೆಣಸಿನಕಾಯಿ ಸುರಿಯೋ ಕೂಡಿಗಿತ್ತೀನ ನಾನೆಲ್ಲೂ ಕಾಣೆ.’ ಇಲ್ಲಿಯವರಿಗೆ ಅಷ್ಟು ಸಾಕು. ಅಲ್ಲದವರು ಗಿರಣಿಗೆ ಬಂದು ನೋಡಿ ಕಲಿಯಲಿ.

ಶಾಯಿ ಆರುತ್ತಿರುವಾಗ ಕೆಳಗಿನಿಂದ ರೊಟ್ಟಿ ಸುಡುವ ವಾಸನೆಯ ಜೊತೆ ಖಾರದ ಘಾಟು ಬಂತು, ಎಲೆರಿಯ ಕೆಮ್ಮು ಬಂತು, ಎಲ್ಲಕ್ಕಿಂತ ಮೇಲೆ ಸಾತವ್ವನ ದನಿ ಬಂತು.

“ಏ ಮಂದಾ! ಇನ್ನೂ ಏನ್ ಬರೀತೀಯೇ ಅಲ್ಲಿ? ರೊಟ್ಟಿ ಬೆಂಕಿ ಆಗೈತೆ, ಬಾಯಿಗಿಡೋಕಾಗಲ್ಲ. ನೆಂಚಿಕೊಳ್ಳೋಕೆ ಆ ಬೆಲ್ಲ ತಗೊಂಡು ಬೇಗ ಬಾರೇ. ಈ ಸಲ ನೋಟೀಸು ಹಚ್ಚಬ್ಯಾಡ!”